ಕೊಪ್ಪಳ, 2090: ಕಥೆಗೆ ಮಾತನ್ನು ನಿಷೇಧಿಸುವ ಸರ್ಕಾರ ಬೇಕೇಬೇಕಾ?

ಕೊಪಣದ ಕಟ್ಟೆ (ಕೊಪ್ಪಳ)

ಎಲ್ಲರಿಗೂ ನಮಸ್ಕಾರ. ಒಂದು ವಿಜ್ಞಾನ ಕಥೆ ಬರೆಯಲು ಕೂತಿದ್ದೇನೆ. ಎರಡು ತಿಂಗಳಾಯಿತು, ಹನ್ನೊಂದನೇ ಪುಟದಲ್ಲಿ ಗಾಡಿ ಕೆಟ್ಟು ನಿಂತಿದೆ. ನೀವು ನಾಲ್ಕು ಜನ ಸೇರಿ ತಳ್ಳಬೇಕು.

ಕಥೆ ಹೀಗಿದೆ. 2090ನೇ ಇಸವಿ, ಕೊಪ್ಪಳ. 'ಏಕನುಡಿ ಇಲಾಖೆ' ಅಂತ ಒಂದು ಬಂದಿದೆ. ಕನ್ನಡ ಇದೆ, ಆದರೆ ಇಲಾಖೆ ಒಪ್ಪಿದ ಕನ್ನಡ ಮಾತ್ರ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮುದುಕಿ ಮೊಮ್ಮಗನಿಗೆ "ಅಲ್ಲೇ ನಿಂದ್ರು" ಅನ್ನುತ್ತಾಳೆ. ಕಂಬದ ಮೇಲಿನ ಮೈಕ್ ಅದನ್ನು ಕೇಳಿಸಿಕೊಳ್ಳುತ್ತದೆ. ದಂಡ 500 ರೂಪಾಯಿ. ಮೂರು ಸಲ ಸಿಕ್ಕಿಬಿದ್ದರೆ 'ನಾಲಿಗೆ ಶಿಬಿರ'. ಮುದುಕಿ ತಪ್ಪಿಸಿಕೊಂಡು ಹಿರೇಬೆಣಕಲ್ ಗುಡ್ಡ ಹತ್ತುತ್ತಾಳೆ. ಅಲ್ಲಿ ಹಳೇ ಮಾತಿನವರ ಗುಂಪೊಂದು ಅಡಗಿಕೊಂಡಿದೆ. ಇಲ್ಲಿಗೆ ಹನ್ನೊಂದು ಪುಟ.

ತೊಂದರೆ ಏನಂದ್ರೆ, ಬರೆದ ನನಗೇ ಹೆದರಿಕೆ ಆಗುತ್ತಿಲ್ಲ. ಗೆಳೆಯನೊಬ್ಬ ಓದಿ "ಮಸ್ತ್ ಐತಿ, ಸಿನಿಮಾ ಇದ್ದಂಗೈತಿ" ಅಂದ. ಅದು ಹೊಗಳಿಕೆ ಅಲ್ಲ ಅಂತ ರಾತ್ರಿ ಗೊತ್ತಾಯಿತು.

ಈ ಕಥೆ ಯಾಕೆ ಅಂತಲೂ ಹೇಳಿಬಿಡುತ್ತೇನೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಯಾವ ನಾಡಿನಲ್ಲಿದೆ ಅಂತ ಹೇಳುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದದ ಜೊತೆ ನಮ್ಮ ಕೊಪಣವನ್ನೂ (ಕೊಪ್ಪಳದ ಹಳೇ ಹೆಸರು) ಎಣಿಸುತ್ತದೆ. ಅಂದರೆ ಆಗ ನಮ್ಮ ಕಡೆಯ ಮಾತೇ ಅಳತೆಗೋಲು. ಈಗ ಅದೇ ಮಾತು ಸಿನಿಮಾದಲ್ಲಿ ಬಂದರೆ ಜನ ನಗಲಿ ಅಂತಲೇ ಬರುತ್ತದೆ. ನಾನು ಓದಲು ದಕ್ಷಿಣದ ಊರಿಗೆ ಹೋಗಿದ್ದೆ. ಮೊದಲ ದಿನ ಮೇಷ್ಟ್ರು ಏನೋ ಕೇಳಿದರು, ನಾನು ಎದ್ದು "ನಿಂದ್ರಲೇನ್ರಿ ಸರ?" ಅಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಷ್ಟ್ರೂ ನಕ್ಕರು. ಅವತ್ತಿನಿಂದ ಮೂರು ವರ್ಷ ನಾನು 'ನಿಲ್ಲು' ಅಂದೆ. ದೀಪಾವಳಿಗೆ ಊರಿಗೆ ಬಂದರೆ ಅವ್ವ "ಯಾಕಲೇ, ಬ್ಯಾರೇದವ್ರ ಗತೆ ಮಾತಾಡಾಕತ್ತಿ" ಅಂದಳು.

ಆ ಹೊಟ್ಟೆಯುರಿಯನ್ನು ಕಥೆ ಮಾಡಬೇಕು ನನಗೆ. ಎಲ್ಲಿ ತಪ್ಪಿದೆ ಹೇಳಿ.

ಲೈಬ್ರರಿ ಅಕ್ಕ (ರಾಯಚೂರು)

ತಪ್ಪು ಇಲಾಖೆಯಲ್ಲಿದೆ. ಅದನ್ನು ತೆಗೆದುಹಾಕಿ.

ನಿಮ್ಮ ಕಥೆ ಆರ್ವೆಲ್‌ನ '1984' ಕಡೆಯಿಂದ ಬಂದದ್ದು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಕಾದಂಬರಿಯಿಂದ ನೀವು ಕಂಬದ ಮೈಕ್ ತಗೊಂಡಿರಿ, ನಿಘಂಟನ್ನು ಅಲ್ಲೇ ಬಿಟ್ಟು ಬಂದಿರಿ. ಅಲ್ಲಿ ಹೆದರಿಸುವುದು ಪೊಲೀಸರಿಗಿಂತ ಜಾಸ್ತಿ ಆ ನಿಘಂಟು. ಎಲ್ಲಾ ಕಡೆ ನಿಘಂಟು ಹೊಸ ಮುದ್ರಣಕ್ಕೆ ದಪ್ಪ ಆಗುತ್ತದೆ, ಅಲ್ಲಿ ತೆಳ್ಳಗಾಗುತ್ತದೆ. ಅದನ್ನು ತೆಳ್ಳಗೆ ಮಾಡುವವನು ಖುಷಿಯಾಗಿ, ಊಟ ಮಾಡುತ್ತಾ, ತನ್ನ ಕೆಲಸದ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. 2050ರ ಹೊತ್ತಿಗೆ ಹಳೇ ಮಾತು ಯಾರಿಗೂ ತಿಳಿಯಬಾರದು ಅನ್ನೋದು ಅಲ್ಲಿನ ಸರ್ಕಾರದ ಲೆಕ್ಕ. 1949ರಲ್ಲಿ ಬಂದ ಪುಸ್ತಕ. 2050 ಆಗ ನೂರು ವರ್ಷ ದೂರ ಇತ್ತು, ಈಗ ನನ್ನ ಮಗಳ ನಡುವಯಸ್ಸು.

ಇನ್ನೊಂದು. ಬ್ರಾಡ್‌ಬರಿಯ 'ಫ್ಯಾರನ್‌ಹೀಟ್ 451' (1953) ಅಂದ ಕೂಡಲೇ ಎಲ್ಲರಿಗೂ ಪುಸ್ತಕ ಸುಡುವ ಸರ್ಕಾರ ನೆನಪಾಗುತ್ತದೆ. ಆದರೆ ಸುಡುವವರ ಕ್ಯಾಪ್ಟನ್ ಒಂದು ಕಡೆ ಕೂತು ಬಿಡಿಸಿ ಹೇಳುತ್ತಾನೆ: ಇದು ಸರ್ಕಾರದಿಂದ ಶುರುವಾದದ್ದೇ ಅಲ್ಲ ಅಂತ. ಜನರಿಗೇ ಎಲ್ಲ ಚಿಕ್ಕದಾಗಿ ಬೇಕಿತ್ತು, ಸುಲಭವಾಗಿ ಬೇಕಿತ್ತು, ಯಾರಿಗೂ ಚುಚ್ಚದಂತೆ ಬೇಕಿತ್ತು. ಸರ್ಕಾರ ಬೆಂಕಿಪೊಟ್ಟಣ ಹಿಡಿದು ಬಂದದ್ದು ಆಮೇಲೆ.

ನೀವು ಮೂರು ವರ್ಷ 'ನಿಲ್ಲು' ಅಂದಿರಲ್ಲ, ನಿಮಗೆ ದಂಡ ಹಾಕಿದವರು ಯಾರು?

ಬಿಸಿಲೂರಿನವ (ರಾಯಚೂರು)

ಅಕ್ಕ ಬಂದರೆ ಚರ್ಚೆ ಅರ್ಧ ಮುಗಿದ ಹಾಗೆ. ಆದ್ರೂ 'ನಾಲಿಗೆ ಶಿಬಿರ' ಅನ್ನೋ ಹೆಸರು ಭಾರಿ ಇದೆ. ಅದನ್ನ ಮಾತ್ರ ತೆಗೀಬೇಡಿ.

ಕೊಪಣದ ಕಟ್ಟೆ (ಕೊಪ್ಪಳ)

ಅಕ್ಕಾ, ನಿಮ್ಮ ಕೊನೇ ಸಾಲು ಓದಿ ಸ್ವಲ್ಪ ಹೊತ್ತು ಫೋನ್ ಮಗುಚಿ ಇಟ್ಟೆ. ದಂಡ ಹಾಕಿದವನು ನಾನೇ, ಒಪ್ಪಿದೆ. ಆದರೆ ಇಲಾಖೆ ಇಲ್ಲದಿದ್ದರೆ ಕಥೆಯಲ್ಲಿ ವಿಲನ್ ಯಾರು? 2090ರಲ್ಲೂ ಕ್ಲಾಸು ನಗುತ್ತದೆ ಅಂತ ಬರೆದರೆ ಅದು ವಿಜ್ಞಾನ ಕಥೆ ಹೇಗಾಗುತ್ತೆ?

ಕೋಡಿನ ಕೂಲಿ (ಗಂಗಾವತಿ, ಸದ್ಯ ಬೆಂಗಳೂರು)

ವಿಲನ್ ನಾನು. ಅಂದ್ರೆ ನನ್ನ ಥರದವರು. ಕೈ ಎತ್ತುತ್ತಿದ್ದೇನೆ.

ಹೋದ ವರ್ಷ ಅವ್ವನಿಗೆ ಒಂದು ಫೋನ್ ಕೊಡಿಸಿದೆ. ಓದಲು ಬರುತ್ತದೆ, ಟೈಪ್ ಮಾಡಲು ಬೆರಳು ನಡುಗುತ್ತದೆ. ಮಾತಾಡಿದರೆ ಬರೆದುಕೊಳ್ಳುವ ಆ್ಯಪ್ ಹಾಕಿಕೊಟ್ಟೆ. ಜೂನ್ ತಿಂಗಳು, ಅವ್ವ ಸಂತೋಷದಿಂದ "ಮಳಿ ಬರಾಕತ್ತೈತಿ" ಅಂದಳು. ನನಗೆ ಬಂದ ಮೆಸೇಜು: "ಮಲೆ ಬರ ಹತ್ತಿ". ಬರ, ಹತ್ತಿ. ರಾಯಚೂರು ಮಾರುಕಟ್ಟೆ ಸುದ್ದಿ ಇದ್ದ ಹಾಗೆ ಇತ್ತು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಒಳಗೆ ಏನು ನಡೆಯುತ್ತೆ ಅಂತ ಸರಳವಾಗಿ ಹೇಳುತ್ತೇನೆ. ಮಶೀನು ಮೊದಲು ಸದ್ದು ಕೇಳಿ ಇದು ಯಾವ ಅಕ್ಷರ ಇರಬಹುದು ಅಂತ ಊಹಿಸುತ್ತದೆ. ಆಮೇಲೆ ತಾನು ಓದಿದ ರಾಶಿ ಬರಹದಲ್ಲಿ ಯಾವ ಪದದ ಪಕ್ಕ ಯಾವ ಪದ ಜಾಸ್ತಿ ಬಂದಿದೆ ಅಂತ ಲೆಕ್ಕ ಹಾಕುತ್ತದೆ. ಆ ರಾಶಿಯಲ್ಲಿ ಪತ್ರಿಕೆಯ ಕನ್ನಡ ಇರುತ್ತದೆ, ಪಠ್ಯಪುಸ್ತಕದ ಕನ್ನಡ ಇರುತ್ತದೆ. ಬರಹಕ್ಕೇ ಇಳಿಯದ 'ಬರಾಕತ್ತೈತಿ' ಅಲ್ಲಿ ಎಲ್ಲಿಂದ ಬರಬೇಕು? ಅಪರೂಪದ ಪದ ಕೇಳಿದರೆ ಮಶೀನು ತಾನು ಕೇಳಿದ್ದೇ ತಪ್ಪು ಅಂದುಕೊಂಡು ಪಕ್ಕದ ಮಾಮೂಲಿ ಪದಕ್ಕೆ ಎಳೆದುಬಿಡುತ್ತದೆ. ಇದರಲ್ಲಿ ಯಾರ ಕೆಟ್ಟ ಉದ್ದೇಶವೂ ಇಲ್ಲ. ಬರೀ ಲೆಕ್ಕ.

ಈಗ ಹೆದರಿಕೆಯ ಭಾಗ. ಮೂರು ತಿಂಗಳಾದ ಮೇಲೆ ಅವ್ವನ ಮೆಸೇಜುಗಳು ಸರಿಯಾಗಿ ಬರತೊಡಗಿದವು. ಆ್ಯಪ್ ಸುಧಾರಿಸಿತು ಅಂದುಕೊಂಡೆ. ಊರಿಗೆ ಹೋದಾಗ ನೋಡಿದರೆ, ಅವ್ವ ಫೋನನ್ನು ಬಾಯಿ ಹತ್ತಿರ ಹಿಡಿದು, ವಾರ್ತೆ ಓದುವವರ ಹಾಗೆ, "ಮಳೆ... ಬರುತ್ತಿದೆ" ಅನ್ನುತ್ತಿದ್ದಳು. ಮಶೀನು ಕಲಿತಿರಲಿಲ್ಲ. ಅರವತ್ತೆಂಟು ವರ್ಷದ ಅವ್ವ ಕಲಿತಿದ್ದಳು.

ಇದನ್ನು ಬರೀರಿ. ದಂಡ ಇಲ್ಲ, ಶಿಬಿರ ಇಲ್ಲ. "ಕ್ಷಮಿಸಿ, ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ" ಅನ್ನೋ ಒಂದು ಸಿಹಿ ದನಿ ಸಾಕು.

ಸಿಂಧನೂರು ಶಿಫ್ಟ್ (ಸಿಂಧನೂರು)

ಎಲ್ಲರೂ ಕಣ್ಣೀರು ಹಾಕುತ್ತಿದ್ದೀರಿ, ಒಂದು ಬೇರೆ ಮಾತು ಹೇಳುತ್ತೇನೆ, ಬೈಬೇಡಿ.

ನಾನು ಆರು ವರ್ಷ ಕಸ್ಟಮರ್ ಕೇರ್‌ನಲ್ಲಿ ಕೆಲಸ ಮಾಡಿದೆ. ಮೊದಲ ತಿಂಗಳು ನನ್ನ ಮಾತು ತಿದ್ದಿದರು. 'ಹೌದ್ರಿ' ಬೇಡ, 'ಖಂಡಿತ ಸರ್' ಅನ್ನಿ ಅಂದರು. ತಿದ್ದಿಕೊಂಡೆ. ಆ ಸಂಬಳದಲ್ಲಿ ತಂಗಿಯ ನರ್ಸಿಂಗ್ ಫೀಸು ಕಟ್ಟಿದೆ. ಮನೆಗೆ ಶೀಟು ಹೋಗಿ ಸ್ಲ್ಯಾಬು ಬಂತು. ಅದಕ್ಕೆ ದುಃಸ್ವಪ್ನ ಅಂತ ಹೆಸರಿಟ್ಟರೆ ನನಗೆ ಒಪ್ಪಿಗೆ ಇಲ್ಲ. ನಮ್ಮ ಮಾತು ಉಳಿಯಬೇಕು ಅನ್ನುವವರೆಲ್ಲ ಹೆಚ್ಚಾಗಿ ಬೇರೆ ಮಾತು ಕಲಿತು ದಾಟಿಕೊಂಡವರೇ. ದಾಟಿದ ಮೇಲೆ ದೋಣಿಗೆ ಬೈಯೋದು ಸುಲಭ.

ಕೊಪಣದ ಕಟ್ಟೆ ಅವರೇ, ನಿಮ್ಮ ಮುದುಕಿಯ ಮೊಮ್ಮಗನಿಗೆ ಏನು ಬೇಕು ಅಂತ ಯಾರಾದರೂ ಕೇಳಿದಿರಾ?

ಲೈಬ್ರರಿ ಅಕ್ಕ (ರಾಯಚೂರು)

ಬೈಯುವುದಿಲ್ಲ. ಇದೇ ಪ್ರಶ್ನೆ ಕಥೆಯಲ್ಲಿ ಬರಬೇಕು. ಮೊಮ್ಮಗ ಕೆಟ್ಟವನಾದರೆ ಕಥೆ ಸತ್ತಿತು.

ಸೊಂಡೂರು ಸೂಜಿ (ಸಂಡೂರು)

ನಾನು ತಾಂಡಾದವಳು. ಹೊಲಿಗೆ ಮಾಡುತ್ತೇನೆ, ಓದುತ್ತೇನೆ, ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತೇನೆ. ಇವತ್ತು ಸುಮ್ಮನಿರಲು ಆಗಲಿಲ್ಲ.

ನಿಮಗೆ 'ನಿಂದ್ರು' ಅವ್ವನ ಮಾತು. ನಮಗೆ ಅದು ಶಾಲೆಯ ಮಾತು. ನಮ್ಮ ಯಾಡಿ, ಅಂದರೆ ಅವ್ವ, ಆಡುವುದು ಗೋರ್ ಬೋಲಿ, ಲಂಬಾಣಿಗರ ಮಾತು. ಒಂದನೇ ಕ್ಲಾಸಿನಲ್ಲಿ ನನ್ನ ತಮ್ಮನಿಗೆ ಮೇಷ್ಟ್ರು "ನಿಂದ್ರು" ಅಂದಾಗ ಅವನಿಗೆ ತಿಳಿಯಲಿಲ್ಲ, ಕೂತೇ ಇದ್ದ. ಏಟು ಬಿತ್ತು. ನಿಮ್ಮ ಕಥೆಯಲ್ಲಿ ಆ ಪದಕ್ಕಾಗಿ ಮುದುಕಿ ಗುಡ್ಡ ಹತ್ತುತ್ತಾಳೆ. ನನ್ನ ತಮ್ಮ ಆ ಪದ ಕಲಿತದ್ದು ಅಂಗೈ ಕೆಂಪಗಾದ ಮೇಲೆ. ಎರಡೂ ನಿಜ.

ನಿಮ್ಮ ಇಲಾಖೆಗಿಂತ ನಮ್ಮ ಜನಗಣತಿ ಜೋರಾಗಿದೆ. 2011ರ ಭಾಷೆಗಳ ಪಟ್ಟಿಯಲ್ಲಿ ಲಮಾಣಿ/ಲಂಬಾಡಿ ಅಂತ ಬರೆಸಿದವರು 32 ಲಕ್ಷಕ್ಕೂ ಮೇಲೆ ಇದ್ದಾರೆ. ಅಷ್ಟೂ ಜನರನ್ನು ಹಿಂದಿಯ ಕೆಳಗೆ ಸೇರಿಸಿದ್ದಾರೆ. ಬಂಜಾರಿ ಅಂತ ಬರೆಸಿದವರನ್ನೂ ಹಾಗೇ. ನಮ್ಮ ಅಜ್ಜಿಗೆ ಹಿಂದಿಯಲ್ಲಿ ಒಂದು ಲೋಟ ನೀರು ಕೇಳಲು ಬಾರದು. ಲೆಕ್ಕದಲ್ಲಿ ಮಾತ್ರ ಅವಳು ಹಿಂದಿಯವಳು. ಆರ್ವೆಲ್ ಪದ ಕಡಿಮೆ ಮಾಡಿದ. ಇಲ್ಲಿ ಪದ ಹಾಗೇ ಇದೆ, ಆಡುವವರು ಕಾಗದದ ಮೇಲೆ ಬೇರೆಯವರಾಗಿದ್ದಾರೆ. ಕನ್ನಡದವರು ಇದನ್ನು ಕೇಳಿ ಜಾಸ್ತಿ ಕೋಪ ಮಾಡಿಕೊಳ್ಳಬೇಡಿ. ಅದೇ ಪಟ್ಟಿಯಲ್ಲಿ ನೀಲಗಿರಿಯ ಬಡಗ ಮಾತನ್ನು ಕನ್ನಡದ ಕೆಳಗೆ ಹಾಕಿದ್ದಾರೆ.

ಅಡಗಿಕೊಂಡ ಗುಂಪಿನ ಬಗ್ಗೆ ಒಂದು ಮಾತು. ಹಕ್ಸ್‌ಲಿಯ 'ಬ್ರೇವ್ ನ್ಯೂ ವರ್ಲ್ಡ್' (1932) ಓದಿದ್ದೇನೆ. ಅದರಲ್ಲಿ ಹಳೇ ಥರ ಬದುಕುವ ಜನರನ್ನು ನ್ಯೂ ಮೆಕ್ಸಿಕೋದಲ್ಲಿ ಕರೆಂಟು ಬೇಲಿ ಹಾಕಿ ಇಟ್ಟಿದ್ದಾರೆ. ಕೊಲ್ಲುವುದಿಲ್ಲ. ಪರವಾನಗಿ ತಗೊಂಡು ವಿಮಾನದಲ್ಲಿ ಬಂದು ನೋಡಿಕೊಂಡು ಹೋಗುತ್ತಾರೆ. ನಾನು ಒಂದು ಉತ್ಸವದಲ್ಲಿ ನಮ್ಮವರ ಜೊತೆ ಕುಣಿದಿದ್ದೇನೆ. ಐದು ನಿಮಿಷ ಕೊಟ್ಟಿದ್ದರು. ಕನ್ನಡಿ ಹಚ್ಚಿದ ಬಟ್ಟೆಯಲ್ಲಿ ನೂರು ಜನ ಫೋಟೋ ತೆಗೆದುಕೊಂಡರು. ಹಾಡಿನ ಅರ್ಥ ಏನು ಅಂತ ಒಬ್ಬರೂ ಕೇಳಲಿಲ್ಲ. ನಮ್ಮ ಸಂಡೂರು ಕಸೂತಿಗೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ, ಬಹಳ ಸಂತೋಷ, ಅದರಲ್ಲೇ ನಮ್ಮ ಅನ್ನ. ಆದರೆ ಆ ಹೊಲಿಗೆಯ ಒಂದೊಂದು ಟಾಕಿಗೂ ನಮ್ಮ ಮಾತಿನಲ್ಲಿ ಹೆಸರಿದೆ. ಕೊಳ್ಳುವವರಿಗೆ ಬಟ್ಟೆ ಸಾಕು.

ಬಿಸಿಲೂರಿನವ (ರಾಯಚೂರು)

ಇದನ್ನ ಎರಡು ಸಲ ಓದಿದೆ.

ರಾಕೆಟ್ ರಾಜ (ಬಳ್ಳಾರಿ)

ಕ್ಷಮಿಸಿ, ಇದು ವಿಜ್ಞಾನ ಕಥೆಯ ಚರ್ಚೆಯಾ ಜಾನಪದ ಸಮ್ಮೇಳನವಾ? ಗ್ರಹ ಎಲ್ಲಿ, ನೌಕೆ ಎಲ್ಲಿ? ವಿಜ್ಞಾನ ಕಥೆ ಅಂದ್ರೆ ಮುಂದೆ ನೋಡಬೇಕು. ಇಲ್ಲಿ ಎಲ್ಲರೂ ಅಜ್ಜಿ, ಅವ್ವ ಅಂತ ಹಿಂದೆ ಓಡುತ್ತಿದ್ದೀರಿ.

ಕೆಂಪು ಧೂಳು (ಸಂಡೂರು)

ರಾಜಣ್ಣ, ಗ್ರಹ ಬೇಕಾ, ತಗೊಳ್ಳಿ. ಉರ್ಸುಲಾ ಲೆ ಗ್ವಿನ್ 1972ರಲ್ಲಿ ಬರೆದ 'ದಿ ವರ್ಡ್ ಫಾರ್ ವರ್ಲ್ಡ್ ಈಸ್ ಫಾರೆಸ್ಟ್'. ಪೂರ್ತಿ ಕಾಡೇ ಇರುವ ಒಂದು ಗ್ರಹ. ಅಲ್ಲಿನವರ ಮಾತಿನಲ್ಲಿ ಕಾಡಿಗೂ ಜಗತ್ತಿಗೂ ಒಂದೇ ಪದ. ಭೂಮಿಯವರು ನೌಕೆಯಲ್ಲಿ ಬಂದು ಮರ ಕಡಿಯುತ್ತಾರೆ. ಅವರಿಗೆ ಅದು ಬರೀ ದಿಮ್ಮಿ. ಅಲ್ಲಿನವರಿಗೆ ಜಗತ್ತನ್ನೇ ಲಾರಿಗೆ ತುಂಬಿದ ಹಾಗೆ. ನೌಕೆಯೂ ಇದೆ, ಗ್ರಹವೂ ಇದೆ, ನಮ್ಮ ಊರೂ ಇದೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿ ನಿಲ್ಲಿಸುವ ಮುಂಚೆ ಇಲ್ಲಿ ನಾಯಿಯ ಬಣ್ಣವೂ ಕೆಂಪು, ಇಡ್ಲಿಯ ಬಣ್ಣವೂ ಕೆಂಪು. ಕಾಗದದಲ್ಲಿ ನಮ್ಮ ಗುಡ್ಡಗಳಿಗೆ ದೇವರ ಹೆಸರು ಇರಲಿಲ್ಲ, ಲೀಸ್ ನಂಬರ್ ಇತ್ತು.

ರಾಕೆಟ್ ರಾಜ (ಬಳ್ಳಾರಿ)

ಸರಿ, ಇದನ್ನು ಓದಿಲ್ಲ. ಓದುತ್ತೇನೆ. ನಂಬರ್ ಮಾತು ಚೆನ್ನಾಗಿದೆ.

ಕ್ಯಾಂಪ್ ಹುಡುಗಿ (ಸಿಂಧನೂರು)

ನಂಬರ್ ಅಂದಿರಲ್ಲ, ನಗು ಬಂತು. ನಮ್ಮ ಊರಿನ ಹೆಸರೇ ನಂಬರು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸಿಂಧನೂರು ಹತ್ತಿರ ಜಾಗ ಕೊಟ್ಟರು. ಆರ್.ಎಚ್. ಕ್ಯಾಂಪ್ ಒಂದು, ಎರಡು, ಮೂರು ಅಂತಲೇ ಊರುಗಳು. ಕಾಲೇಜಿನಲ್ಲಿ ಗೆಳತಿಗೆ ವಿಳಾಸ ಹೇಳಿದರೆ "ಇದೇನು ಬಾಹ್ಯಾಕಾಶ ನಿಲ್ದಾಣವಾ" ಅಂದಳು. ಮನೆಯಲ್ಲಿ ಬಂಗಾಳಿ, ಹೊಲದಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕನ್ನಡದಲ್ಲಿ ನನಗೆ ಮಾರ್ಕ್ಸು ಜಾಸ್ತಿ. ನನ್ನ ಕನಸು ಯಾವ ಭಾಷೆಯಲ್ಲಿ ಬೀಳುತ್ತೆ ಅಂತ ಕೇಳಬೇಡಿ, ಹೇಳಲು ಬರುವುದಿಲ್ಲ. ಅಷ್ಟೇ, ಪರೀಕ್ಷೆ ಇದೆ.

ಕೋಟೆ ಕೆಳಗಿನ ಮನೆ (ಬಳ್ಳಾರಿ)

ನಮ್ಮದು ಬಳ್ಳಾರಿಯಲ್ಲೇ ನಾಲ್ಕು ತಲೆಮಾರು. ಮನೆಮಾತು ತೆಲುಗು. ಇದನ್ನು ಬರೆಯುವಾಗಲೂ ಒಂದು ಸಲ ಯೋಚಿಸಿದೆ, ಬರೀಲಾ ಬೇಡವಾ ಅಂತ. ಅದೇ ಈ ಚರ್ಚೆಗೆ ನನ್ನ ಉದಾಹರಣೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು, ಅದೇ ದಿನ ಬಳ್ಳಾರಿ ಮದ್ರಾಸಿನಿಂದ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ಆ ಕಡೆ ಉಳಿದವು. ತಾತನ ತಂಗಿ ಆದೋನಿಯಲ್ಲಿದ್ದಳು. ಒಂದೇ ರಾತ್ರಿಯಲ್ಲಿ ಅಣ್ಣ ಒಂದು ರಾಜ್ಯ, ತಂಗಿ ಒಂದು ರಾಜ್ಯ. ಯಾರೂ ಎದ್ದು ಎಲ್ಲಿಗೂ ಹೋಗಿರಲಿಲ್ಲ. ಇಲ್ಲಿ ನಾವು ತೆಲುಗಿನವರು, ಅಲ್ಲಿ ಆದೋನಿಯ ಕನ್ನಡದವರು. ಇಬ್ಬರದ್ದೂ ಒಂದೇ ಕಥೆ, ಗೆರೆಯ ಆ ಕಡೆ ಈ ಕಡೆ. ಇದೇ ಊರಿನ ಬಳ್ಳಾರಿ ರಾಘವ ತೆಲುಗಿನಲ್ಲೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನಟಿಸಿದವರು. ಆಗ ಯಾರೂ ಅವರನ್ನು 'ನೀವು ಯಾವ ಕಡೆ' ಅಂತ ಕೇಳಿರಲಿಕ್ಕಿಲ್ಲ ಅನ್ನಿಸುತ್ತದೆ.

ಚೈನಾ ಮಿಯೆವಿಲ್ ಬರೆದ 'ದಿ ಸಿಟಿ ಆ್ಯಂಡ್ ದಿ ಸಿಟಿ' (2009) ಓದಿದಾಗ ನನಗೆ ಬಳ್ಳಾರಿಯೇ ಕಾಣಿಸಿತು. ಒಂದೇ ನೆಲದ ಮೇಲೆ ಎರಡು ನಗರ, ಒಂದರೊಳಗೊಂದು ಹೆಣೆದುಕೊಂಡಿವೆ. ಒಂದೇ ಬೀದಿಯಲ್ಲಿ ಎರಡೂ ಊರಿನವರು ಓಡಾಡುತ್ತಾರೆ. ಆದರೆ ಇವರು ಅವರನ್ನು ನೋಡಬಾರದು. ಚಿಕ್ಕಂದಿನಿಂದಲೇ ಕಂಡದ್ದನ್ನು ಕಾಣದ ಹಾಗೆ ಇರಲು ಕಲಿಸುತ್ತಾರೆ. ಎದುರಿಗೆ ಬಂದವನ ಬಟ್ಟೆ, ನಡಿಗೆ ನೋಡಿ ಅವನು ಆ ಊರಿನವನು ಅಂತ ಗೊತ್ತಾದ ಕೂಡಲೇ ಕಣ್ಣು ಜಾರಿಸಿಬಿಡಬೇಕು. ಗೋಡೆ ಇಲ್ಲ, ಬೇಲಿ ಇಲ್ಲ. ತಪ್ಪಿ ನೋಡಿದರೆ ಹಿಡಿದುಕೊಂಡು ಹೋಗುವವರು ಇದ್ದಾರೆ, ಆದರೆ ಅವರಿಗೆ ಕೆಲಸ ಕಡಿಮೆ. ಎಲ್ಲರ ಕಣ್ಣೂ ಪಳಗಿದೆ.

ಸೊಂಡೂರು ಸೂಜಿ ಅವರ ಉತ್ಸವದ ಮಾತು ಇದಕ್ಕೆ ಸೇರುತ್ತದೆ. ನೂರು ಫೋಟೋ, ಒಬ್ಬರೂ ನೋಡಲಿಲ್ಲ.

ಪಹಣಿ ಮೊಮ್ಮಗ (ಲಿಂಗಸುಗೂರು)

ಬಳ್ಳಾರಿಯವರಿಗೆ ತೆಲುಗು, ನಮಗೆ ಉರ್ದು. ನಮ್ಮ ತಾತ ನಿಜಾಮರ ಕಾಲದಲ್ಲಿ ಓದಿದವರು. ಆಗ ರಾಯಚೂರು ಹೈದರಾಬಾದ್ ಸಂಸ್ಥಾನ. ಶಾಲೆಯೂ ಉರ್ದು, ಕಚೇರಿಯೂ ಉರ್ದು. ಕನ್ನಡ ಮನೆಯ ಒಳಗೆ. ತಾತನಿಗೆ ಉರ್ದುವಿನಲ್ಲಿ ಅರ್ಜಿ ಬರೆಯುವ ಕೈ ಇತ್ತು, ಊರವರೆಲ್ಲ ಹುಡುಕಿಕೊಂಡು ಬರುತ್ತಿದ್ದರಂತೆ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಹೋಯಿತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಸೇರಿದೆವು. ಕಚೇರಿ ಕನ್ನಡವಾಯಿತು. ಆಗಬೇಕಾದದ್ದೇ. ನಮ್ಮವರು ಅದಕ್ಕಾಗಿ ಜೈಲು ಕಂಡಿದ್ದರು.

ಆದರೆ ತಾತ ಮನೆಮಾತು ಕನ್ನಡ ಆಗಿದ್ದೂ ಕನ್ನಡ ಅಕ್ಷರ ಓದಲು ಬಾರದವರು. ಊರಿಗೆಲ್ಲ ಅರ್ಜಿ ಬರೆದವರು ತಮ್ಮ ಹೊಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಆ ಹೆಬ್ಬೆಟ್ಟಿನ ಕಾಗದ ಇನ್ನೂ ಮನೆಯಲ್ಲಿದೆ. ನಾನು ಸಣ್ಣವನಿದ್ದಾಗ ಅವರು ಹಳೇ ಉರ್ದು ಪೇಪರು ಬಿಚ್ಚಿ ಓದುತ್ತಿದ್ದರು. ಇಪ್ಪತ್ತು ವರ್ಷ ಹಳೇ ಸುದ್ದಿ, ಮತ್ತೆ ಮತ್ತೆ. ನಾವು ತಲೆ ಕೆಟ್ಟಿದೆ ಅಂದುಕೊಂಡಿದ್ದೆವು.

ನನಗೆ ಇದರಲ್ಲಿ ಯಾರು ಸರಿ ಯಾರು ತಪ್ಪು ಅಂತ ಬಿಡಿಸಲು ಆಗಿಲ್ಲ. ನಿಮ್ಮ ಕಥೆಯ ಇಲಾಖೆಯಲ್ಲಿ ಒಬ್ಬ ಗುಮಾಸ್ತ ಇರುತ್ತಾನಲ್ಲ, ಅವನ ಮನೆಯಲ್ಲೂ ಇಂಥ ತಾತ ಇರಲಿ.

ಕೊಪಣದ ಕಟ್ಟೆ (ಕೊಪ್ಪಳ)

ಇಲಾಖೆ ತೆಗೆದಾಯಿತು ಅಂದುಕೊಂಡಿದ್ದೆ. ಗುಮಾಸ್ತನನ್ನು ಉಳಿಸಿಕೊಳ್ಳುತ್ತೇನೆ.

ಒಂದು ತಮಾಷೆ ಹೊಳೆಯಿತು. ನಮ್ಮ ಊರಿನ ಗವಿಮಠದ ಬಂಡೆಯ ಮೇಲೆ, ಪಾಲ್ಕಿಗುಂಡಿನ ಮೇಲೆ, ಆಚೆ ಮಸ್ಕಿಯಲ್ಲಿ ಅಶೋಕನ ಶಾಸನಗಳಿವೆ. ಎಲ್ಲಾ ಪ್ರಾಕೃತದಲ್ಲಿ. ಇಲ್ಲಿನ ಜನ ಏನು ಮಾತಾಡುತ್ತಿದ್ದರೋ, ಪಾಟಲಿಪುತ್ರದ ಸರ್ಕಾರ ತನ್ನ ಭಾಷೆಯಲ್ಲಿ ಬೋರ್ಡು ಹಾಕಿ ಹೋಯಿತು. ಆಮೇಲೆ ಆ ಲಿಪಿ ಓದುವವರೇ ಇಲ್ಲದಾದರು. 1915ರಲ್ಲಿ ಮಸ್ಕಿಯ ಬಂಡೆ ಪತ್ತೆಯಾದಾಗ ಅದರಲ್ಲಿ ಅಶೋಕ ಅನ್ನೋ ಹೆಸರೇ ಸಿಕ್ಕಿತು. ಅಲ್ಲಿವರೆಗೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅನ್ನೋ ಬಿರುದುಗಳಷ್ಟೇ ಇದ್ದವು. ಇಡೀ ನಾಡಿಗೆ ಬೋರ್ಡು ಹಾಕ್ಸಿದವನ ಹೆಸರು ನಮ್ಮ ಕಡೆಯ ಒಂದು ಬಂಡೆ ಹೇಳಬೇಕಾಯಿತು.

ಲೈಬ್ರರಿ ಅಕ್ಕ (ರಾಯಚೂರು)

ಇದನ್ನು ಕಥೆಗೆ ತುರುಕಬೇಡಿ, ಬೇರೆ ಕಥೆ ಮಾಡಿ.

ನಾನು ಹೇಳಬೇಕು ಅಂತಿದ್ದದ್ದು ಲೆ ಗ್ವಿನ್‌ಳದ್ದೇ ಇನ್ನೊಂದು, 'ದಿ ಟೆಲ್ಲಿಂಗ್', 2000ದ್ದು. ಅಕಾ ಅನ್ನೋ ಗ್ರಹ. ಅಲ್ಲಿನವರಿಗೆ ಹೊರಗಿನವರ ತಂತ್ರಜ್ಞಾನ ನೋಡಿ ಅವಸರ. ಬೇಗ ಅವರ ಹಾಗೆ ಆಗಬೇಕು. ಅದಕ್ಕೆ ತಮ್ಮ ಹಳೇ ಲಿಪಿಯನ್ನು ತಾವೇ ಅಪರಾಧ ಮಾಡುತ್ತಾರೆ, ಪುಸ್ತಕ ನಾಶ ಮಾಡುತ್ತಾರೆ. ಜನರಿಗೆ ಪ್ರಜೆ ಅನ್ನುವುದಿಲ್ಲ, 'ಉತ್ಪಾದಕ-ಗ್ರಾಹಕ' ಅನ್ನುತ್ತಾರೆ. ಭೂಮಿಯಿಂದ ಹೋದ ಸತ್ತಿ ಅನ್ನೋ ಹೆಂಗಸು, ಭಾರತದ ಮೂಲದವಳು, ಬೆಟ್ಟದ ಊರಿಗೆ ಹೋಗಿ ನೋಡಿದರೆ ಎಲ್ಲಾ ಉಳಿದಿದೆ. ಹೇಗೆ? ಔಷಧಿ ಅಂಗಡಿಯಲ್ಲಿ, ಊಟದಲ್ಲಿ, ಸಂಜೆ ಬಾಗಿಲು ಹಾಕಿಕೊಂಡು ಹೇಳುವ ಕಥೆಯಲ್ಲಿ. ಹೇಳುವವರು ಇದ್ದಾರೆ, ಕೇಳುವವರು ಇದ್ದಾರೆ, ಅಷ್ಟೇ ಅವರ ಧರ್ಮ.

ಅದನ್ನು ಓದುವಾಗ ನನಗೆ ದರೋಜಿ ಈರಮ್ಮನ ನೆನಪು. ಸಂಡೂರು ತಾಲ್ಲೂಕಿನವರು. ಬುಡ್ಗ ಜಂಗಮರು, ಊರೂರು ತಿರುಗಿ ಕಥೆ ಹಾಡುವ ಸಮುದಾಯದವರು. ಅಕ್ಷರ ಬಾರದು. 12 ಮಹಾಕಾವ್ಯ ಬಾಯಲ್ಲಿತ್ತು. ಕುಮಾರರಾಮನ ಕಥೆ ಹಿಡಿದರೆ ರಾತ್ರಿಗಳು ಕಳೆಯುತ್ತಿದ್ದವು. ಅವರ ಬಾಯಿಂದ ಬಂದದ್ದನ್ನು ಅಚ್ಚು ಹಾಕಿದರೆ 7,000 ಪುಟ ಅಂತ ಲೆಕ್ಕ. ಬ್ರಾಡ್‌ಬರಿ ತನ್ನ ಕಾದಂಬರಿಯ ಕೊನೆಯಲ್ಲಿ ಕಾಡಿನಲ್ಲಿ ಒಬ್ಬೊಬ್ಬರು ಒಂದೊಂದು ಪುಸ್ತಕ ಬಾಯಿಪಾಠ ಮಾಡಿ ಇಟ್ಟುಕೊಂಡಂತೆ ಬರೆದ. ಅದನ್ನು ಓದಿ ಲೋಕವೆಲ್ಲ ಬೆರಗಾಯಿತು. ನಮ್ಮ ದರೋಜಿಯಲ್ಲಿ ಒಬ್ಬಳೇ ಹೆಂಗಸು ಹನ್ನೆರಡನ್ನು ಹೊತ್ತುಕೊಂಡು ಊರೂರು ತಿರುಗಿದಳು, ಹೆಚ್ಚಿನ ಮನೆಗಳು ಕೊಟ್ಟದ್ದು ಒಂದು ಮೊರ ಜೋಳ. 2014ರ ಆಗಸ್ಟಿನಲ್ಲಿ ಹೋದರು. ಪ್ರಶಸ್ತಿಗಳು ಬಂದವು, ಪುಸ್ತಕಗಳೂ ಆದವು. ನಮ್ಮ ಲೈಬ್ರರಿಯಲ್ಲಿ ಒಂದು ಪುಸ್ತಕ ಇದೆ. ಕೊನೆಯ ಸಲ ಯಾರಾದರೂ ತಗೊಂಡು ಹೋಗಿ ಎಷ್ಟು ದಿನ ಆಯಿತು ಅಂತ ಚೀಟಿ ನೋಡಿದೆ. ಹೇಳುವುದಿಲ್ಲ ಬಿಡಿ.

ಸಿಂಧನೂರು ಶಿಫ್ಟ್ (ಸಿಂಧನೂರು)

ನಾಳೆ ಬಂದು ನಾನು ತಗೊಂಡು ಹೋಗುತ್ತೇನೆ. ರಾಯಚೂರಿಗೆ ಬೇರೆ ಕೆಲಸವೂ ಇದೆ.

ಕೋಡಿನ ಕೂಲಿ (ಗಂಗಾವತಿ, ಸದ್ಯ ಬೆಂಗಳೂರು)

ಗುಡ್ಡದ ಅಡಗುತಾಣ ಏನು ಮಾಡುತ್ತೀರಿ? ಅದು ಹಕ್ಸ್‌ಲಿ ಬೇಲಿ ಆಗಿಬಿಡುತ್ತೆ ಅಂತ ಸೂಜಿಯವರು ಹೇಳಿದ್ದು ಸರಿ ಇದೆ. ಆದರೆ ಹಿರೇಬೆಣಕಲ್ ಬಿಡಬೇಡಿ. ನಮ್ಮ ಕಡೆ ಅದಕ್ಕೆ ಮೋರ್ಯರ ಗುಡ್ಡ ಅನ್ನುತ್ತಾರೆ. ಮೇಲೆ ನೂರಾರು ಕಲ್ಲಿನ ಗೂಡುಗಳು, ನಾಲ್ಕು ಚಪ್ಪಡಿ, ಮೇಲೊಂದು ಚಪ್ಪಡಿ, ಎದುರಿನ ಕಲ್ಲಿಗೆ ದುಂಡನೆ ತೂತು. ಪುರಾತತ್ವದವರು ಸಮಾಧಿ ಅನ್ನುತ್ತಾರೆ, ಎರಡು ಸಾವಿರ ವರ್ಷಕ್ಕೂ ಹಳೆಯವು. ನಮ್ಮ ಅಜ್ಜಿ ಹೇಳುತ್ತಿದ್ದದ್ದು ಬೇರೆ: ಮೂರು ಮೊಳ ಎತ್ತರದ ಜನ ಇದ್ದರಂತೆ. ಬೆಂಕಿ ಮಳೆ ಬರುತ್ತೆ ಅಂತ ಅವರಿಗೆ ಮೊದಲೇ ಗೊತ್ತಾಯಿತಂತೆ. ಕಲ್ಲಿನ ಮನೆ ಕಟ್ಟಿಕೊಂಡು ಒಳಗೆ ಕೂತರಂತೆ. ಮಳೆ ಬಂತು, ಯಾರೂ ಹೊರಗೆ ಬರಲಿಲ್ಲ.

ಗೊತ್ತಿದ್ದೂ ಉಳಿಯದ ಜನ. ಇದು ಯಾವ ವಿಜ್ಞಾನ ಕಥೆಗೆ ಕಡಿಮೆ?

ಅಲ್ಲೇ ಒಂದು ದೊಡ್ಡ ದುಂಡು ಬಂಡೆ ಇದೆ, ನಗಾರಿ ಥರ. ಬಡಿದರೆ ಸದ್ದು ದೂರದವರೆಗೆ ಕೇಳುತ್ತದೆ. ಆ ಸದ್ದನ್ನು ನನ್ನ ಮಶೀನು ಏನಂತ ಬರೆದುಕೊಳ್ಳುತ್ತೋ ನೋಡಬೇಕು ಅಂತ ಆಸೆ.

ಕೊಪಣದ ಕಟ್ಟೆ (ಕೊಪ್ಪಳ)

ಮೂರು ದಿನ ಕಾಣಲಿಲ್ಲ, ಬರೆಯುತ್ತಿದ್ದೆ. ಹಳೇ ಹನ್ನೊಂದು ಪುಟ ಹರಿದೆ. ಹೊಸ ಶುರು ಹೀಗಿದೆ, ನೋಡಿ:

"ಮೊಮ್ಮಗ ಊರಿಗೆ ಬಂದಾಗ ಅಜ್ಜಿಗೆ ಕಿವಿಯಲ್ಲಿ ಇಡುವ ಒಂದು ಕಾಳು ತಂದುಕೊಟ್ಟ. ಜೋಳದ ಕಾಳಿನಷ್ಟು ದಪ್ಪ. ಅದನ್ನು ಇಟ್ಟುಕೊಂಡರೆ ಅಜ್ಜಿ ಏನೇ ಮಾತಾಡಲಿ, ಎದುರಿನವರ ಕಿವಿಗೆ ಅವರದೇ ಮಾತಿನಲ್ಲಿ ಬೀಳುತ್ತಿತ್ತು. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಬಸ್ಸಿನಲ್ಲಿ ಈಗ ಯಾರೂ ಅಜ್ಜಿಯನ್ನು 'ಏನಂದ್ರಿ?' ಅಂತ ಕೇಳುತ್ತಿರಲಿಲ್ಲ. ಅಜ್ಜಿಗೆ ಬಹಳ ಅನುಕೂಲವಾಯಿತು. ಒಂದು ದಿನ ಕಾಳು ತೆಗೆದಿಟ್ಟು ಮೊಮ್ಮಗನಿಗೆ 'ಅಲ್ಲೇ ನಿಂದ್ರು' ಅಂದಳು. ಅವನು ಅಂಗಳದಲ್ಲಿ ನಗುತ್ತಾ, ತನ್ನ ಕಿವಿ ತಟ್ಟಿ ತೋರಿಸಿದ. ಹಾಕಿಕೋ ಅಜ್ಜಿ, ಕೇಳಿಸ್ತಿಲ್ಲ ಅನ್ನೋ ಹಾಗೆ."

ಮೊಮ್ಮಗ ಕೆಟ್ಟವನಲ್ಲ. ಕಾಳು ತಂದದ್ದು ಪ್ರೀತಿಯಿಂದಲೇ. ಗುಮಾಸ್ತ ಇದ್ದಾನೆ, ಕಾಳಿಗೆ ಯಾವ ಯಾವ ಮಾತು ಸೇರಿಸಬೇಕು ಅಂತ ಪಟ್ಟಿ ಮಾಡುವವನು ಅವನೇ. ಗುಡ್ಡ ಇದೆ, ಅಲ್ಲಿ ಯಾರೂ ಅಡಗಿಲ್ಲ.

ಲೈಬ್ರರಿ ಅಕ್ಕ (ರಾಯಚೂರು)

ಕಿವಿ ತಟ್ಟಿ ತೋರಿಸಿದ್ದು ಚೆನ್ನಾಗಿದೆ. 'ಬಹಳ ಅನುಕೂಲವಾಯಿತು' ಇನ್ನೂ ಚೆನ್ನಾಗಿದೆ.

ಸೊಂಡೂರು ಸೂಜಿ (ಸಂಡೂರು)

ಹೆದರಿಕೆ ಆಯಿತು ಈ ಸಲ. ಒಂದೇ ಪ್ರಶ್ನೆ. ಅಜ್ಜಿಯ ಹೊಲದಲ್ಲಿ ಕೆಲಸ ಮಾಡುವ ಹೆಂಗಸು ಯಾವ ಮಾತಿನವಳು? ಗುಮಾಸ್ತನ ಪಟ್ಟಿಯಲ್ಲಿ ಅವಳ ಮಾತು ಇದೆಯಾ, ಇಲ್ಲ ಬೇರೆ ಯಾವುದರದೋ ಕೆಳಗೆ ಬರೆದಿದ್ದಾನಾ? ಅಜ್ಜಿ ಕಾಳು ಇಟ್ಟುಕೊಳ್ಳುವ ಮುಂಚೆ, ಆ ಹೆಂಗಸು ಮಾತಾಡಿದಾಗ ಯಾವತ್ತಾದರೂ ಕೇಳಿಸಿಕೊಂಡಿದ್ದಳಾ?

ಕೊಪಣದ ಕಟ್ಟೆ (ಕೊಪ್ಪಳ)

ಕಥೆಯಲ್ಲಿ ಅವಳು ಇಲ್ಲ. ಅಂದರೆ ಇದ್ದಾಳೆ, ಎರಡನೇ ಪುಟದಲ್ಲಿ ಕಸ ಗುಡಿಸುತ್ತಾಳೆ. ಹೆಸರಿಟ್ಟಿರಲಿಲ್ಲ. ಮೂರನೇ ಪುಟದಿಂದ ಮತ್ತೆ ಬರೆಯುತ್ತೇನೆ. ಅವಳ ಮಾತು ಬರೆಯಲು ನಿಮ್ಮ ಸಹಾಯ ಬೇಕು.

ಸೊಂಡೂರು ಸೂಜಿ (ಸಂಡೂರು)

ಕಳಿಸಿ, ನೋಡೋಣ. ಕನ್ನಡ ಅಕ್ಷರದಲ್ಲೇ ಬರೆಯಬೇಕು, ನಮ್ಮದಕ್ಕೆ ಬೇರೆ ಅಕ್ಷರ ಇಲ್ಲ. ಕೆಲವು ಸದ್ದು ಕೂರುವುದಿಲ್ಲ, ಅದನ್ನು ಹಾಗೇ ಬಿಡಬೇಕಾಗುತ್ತೆ.

ಬಿಸಿಲೂರಿನವ (ರಾಯಚೂರು)

ನಾಲಿಗೆ ಶಿಬಿರ ಏನಾಯ್ತು?

ಕೊಪಣದ ಕಟ್ಟೆ (ಕೊಪ್ಪಳ)

ತೆಗೆದೆ.

ಬಿಸಿಲೂರಿನವ (ರಾಯಚೂರು)

ಛೇ.